ಪ್ರೆಶರ್ ಟ್ಯಾಂಕ್: ದಾವಣಗೆರೆ–ಹರಿಹರದ ಬೋರ್‌ವೆಲ್ ಮನೆಗಳಲ್ಲಿ ಅದರ ನಿರ್ವಹಣೆ ಮತ್ತು ಬದಲಾವಣೆ

ಪಂಪಿನಿಂದ ಬಂದ ನೀರನ್ನು ಗಾಳಿಯ ಒತ್ತಡದಲ್ಲಿ ಹಿಡಿದಿಟ್ಟು, ನಲ್ಲಿ ತಿರುಗಿಸಿದೊಡನೆ ಬಿಟ್ಟುಕೊಡುವ ಮುಚ್ಚಿದ ಪಾತ್ರೆಗೆ ಪ್ರೆಶರ್ ಟ್ಯಾಂಕ್ ಎನ್ನುತ್ತಾರೆ. ಹೊರಗೆ ಉಕ್ಕಿನ ಕವಚ, ಒಳಗೆ ರಬ್ಬರ್ ಚೀಲ, ಒಂದು ತುದಿಯಲ್ಲಿ ನೀರಿನ ಬಾಯಿ, ಇನ್ನೊಂದು ತುದಿಯಲ್ಲಿ ಬೈಕಿನ ಟಯರಿನಂಥ ಗಾಳಿ ವಾಲ್ವ್: ಮನೆಬಳಕೆಯ ಟ್ಯಾಂಕಿನ ರಚನೆ ಇಷ್ಟೇ. ದಾವಣಗೆರೆ ಮತ್ತು ಹರಿಹರದಲ್ಲಿ ಮಹಡಿ ಮೇಲೆ ಮಹಡಿ ಏರಿಸಿ ಶವರ್, ಗೀಸರ್, ವಾಷಿಂಗ್ ಮೆಷಿನ್ ಇಟ್ಟುಕೊಂಡ ಮನೆಗಳಲ್ಲಿ ಇದು ಬೂಸ್ಟರ್ ಪಂಪಿನ ಜೊತೆ ತಾರಸಿಗೋ ಮೆಟ್ಟಿಲ ಕೆಳಗಿನ ಮೂಲೆಗೋ ಬಂದು ಸೇರಿದೆ. ಪಂಪು ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಟ್ಯಾಂಕಿನ ಗಾಳಿ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಎಷ್ಟೋ ಸಲ ಪಂಪಿನ ಮೋಟರ್ ಸುಡುವುದು ಅದರಿಂದಲೇ. ಮೋಟರನ್ನು ವೈಂಡಿಂಗ್ ಅಂಗಡಿಗೆ ಹೊತ್ತೊಯ್ದು, ಹೊಸ ತಾಮ್ರದ ತಂತಿ ಸುತ್ತಿಸಿ ತಂದು, ಅದೇ ಗಾಳಿಯಿಲ್ಲದ ಟ್ಯಾಂಕಿಗೆ ಮತ್ತೆ ಜೋಡಿಸಿದರೆ ಅದು ಪುನಃ ಸುಡುತ್ತದೆ. ಈ ಉಪಕರಣದ ನಿರ್ವಹಣೆಯಲ್ಲಿ ಮುಕ್ಕಾಲು ಪಾಲು ಕೆಲಸ ಗಾಳಿಯನ್ನು ಅಳೆದು ಸರಿಯಾಗಿ ಇಡುವುದೇ.

ಊರಿನ ನೀರು

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿದೆ. ವರ್ಷಕ್ಕೆ ಸರಾಸರಿ 650 ಮಿಲಿಮೀಟರಿನ ಆಸುಪಾಸು ಮಳೆ. ಹರಿಹರ ತುಂಗಭದ್ರೆಯ ದಂಡೆಯ ಊರು. ಎರಡು ಊರುಗಳ ನಡುವೆ ಹದಿನೈದು ಕಿಲೋಮೀಟರಿಗೆ ಹೆಚ್ಚೇನೂ ಅಂತರವಿಲ್ಲ. ದಾವಣಗೆರೆಯ ನಳಕ್ಕೆ ನೀರು ಬರುವುದು ಎರಡು ದಾರಿಯಿಂದ: ಭದ್ರಾ ನಾಲೆಯ ನೀರು ತುಂಬಿಸಿಕೊಳ್ಳುವ ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆ ಒಂದು, ಹರಿಹರದ ಬಳಿ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ಹೊಳೆ ನೀರು ಇನ್ನೊಂದು. ನಾಲೆ ನಿಂತು ಹೊಳೆಯೂ ಬಡಕಲಾದ ಬೇಸಿಗೆಯಲ್ಲಿ ನಳದ ಸರದಿ ದೂರವಾಗುತ್ತದೆ. ಆಗ ಮನೆ ನಡೆಸುವುದು ಬೋರು.

ಆ ಬೋರು ಇಳಿಯುವುದು ಗಟ್ಟಿ ಶಿಲೆಗೆ. ಇಲ್ಲಿನ ನೆಲದಡಿ ಇರುವುದು ನೈಸ್, ಗ್ರಾನೈಟ್ ಮತ್ತು ಧಾರವಾಡ ಶ್ರೇಣಿಯ ಪದರಗಲ್ಲು. ಮರಳಿನಲ್ಲಿರುವಂತೆ ಈ ಕಲ್ಲಿನಲ್ಲಿ ನೀರು ಎಲ್ಲೆಡೆ ಹರಡಿರುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಒಂದು ಸೈಟಿನಲ್ಲಿ ಎರಡಿಂಚು ನೀರು ಸಿಕ್ಕು ಪಕ್ಕದ ಸೈಟಿನಲ್ಲಿ ಬರೀ ಧೂಳು ಹಾರುವುದು ಈ ಕಾರಣಕ್ಕೆ. ನಾಲೆ ಹರಿಯುವಾಗ ಭತ್ತದ ಗದ್ದೆಗಳ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬರುತ್ತದೆ, ನಿಂತಾಗ ಇಳಿಯುತ್ತದೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷದಲ್ಲಿ ಬೋರು ನೀರಿನ ಜೊತೆ ಗಾಳಿಯನ್ನೂ ಮರಳನ್ನೂ ಎತ್ತಲು ಶುರುಮಾಡುತ್ತದೆ.

ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಗಡಸಾಗಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪತಕ್ಕದ್ದು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಸೋಪು ನೊರೆ ಬರದ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟುವ, ಬೇಳೆ ಬೇಯಿಸಲು ಸತಾಯಿಸುವ ನೀರಿಗೆ ಇಲ್ಲಿನವರು ‘ಸವಳು ನೀರು’ ಎನ್ನುತ್ತಾರೆ. ಪ್ರೆಶರ್ ಟ್ಯಾಂಕಿನ ರೋಗಗಳಲ್ಲಿ ಹಲವು ಈ ನೀರಿನ ಸುಣ್ಣದಿಂದ ಬರುವಂಥವು. ನೀರನ್ನು ಶುದ್ಧಮಾಡುವ ಶಕ್ತಿ ಈ ಟ್ಯಾಂಕಿಗೆ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇದೇ ಜಿಲ್ಲೆಯ ಜಗಳೂರು ಕಡೆಯ ಅಂತರ್ಜಲದಲ್ಲಿರುವ ಫ್ಲೋರೈಡಿನ ಸಮಸ್ಯೆಗೆ ಪಂಪು, ಟ್ಯಾಂಕು, ಕುದಿಸುವಿಕೆ ಯಾವುದೂ ಪರಿಹಾರವಲ್ಲ.

ಏಕೆ ಬೇಕು, ಎಲ್ಲಿ ಬೇಡ

ಅಮೆರಿಕದ ಹಳ್ಳಿಗಾಡಿನ ಮನೆಗಳಲ್ಲಿ ಬಾವಿಯ ಸಬ್‌ಮರ್ಸಿಬಲ್ ಪಂಪು ನೇರವಾಗಿ ಪ್ರೆಶರ್ ಟ್ಯಾಂಕಿಗೆ ನೀರು ಕೊಡುತ್ತದೆ. ತಾರಸಿಯ ಮೇಲೆ ಟ್ಯಾಂಕ್ ಇರುವುದಿಲ್ಲ. ಅದಕ್ಕೆ ದಿನವಿಡೀ ಕರೆಂಟು ಬೇಕು, ಕೇಳಿದಾಗಲೆಲ್ಲ ಕೊಡುವ ಬಾವಿಯೂ ಬೇಕು. ನಮ್ಮಲ್ಲಿ ಎರಡನ್ನೂ ನಂಬುವಂತಿಲ್ಲವಾದ್ದರಿಂದ ಮೊದಲು ಕೂಡಿಡುತ್ತೇವೆ, ಆಮೇಲೆ ಬಳಸುತ್ತೇವೆ. ಬೋರಿನ ನೀರು ಸಂಪಿಗೆ, ಸಂಪಿನಿಂದ ತಾರಸಿಯ ಸಿಂಟೆಕ್ಸ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ನೆಲಮಹಡಿಯ ಅಡುಗೆಮನೆಗೆ ತಾರಸಿ ಟ್ಯಾಂಕಿನಿಂದ ಬರುವ ಮುಕ್ಕಾಲು ಬಾರ್ ಧಾರಾಳ. ಆದರೆ ಟ್ಯಾಂಕಿನ ಅಡಿಗೇ ಇರುವ ಮೇಲಿನ ಮಹಡಿಯ ಬಚ್ಚಲಿಗೆ ಸಿಗುವುದು ಒಂದೆರಡು ಮೀಟರಿನ ಒತ್ತಡ, ಅಂದರೆ 0.1ರಿಂದ 0.2 ಬಾರ್. ಶವರ್ ತೊಟ್ಟಿಕ್ಕುತ್ತದೆ, ವಾಷಿಂಗ್ ಮೆಷಿನ್ ನೀರಿಗಾಗಿ ಕಾಯುತ್ತ ನಿಲ್ಲುತ್ತದೆ.

ಹಾಗಾಗಿ ಇಲ್ಲಿ ಪ್ರೆಶರ್ ಟ್ಯಾಂಕಿನ ಸಹಜ ಜಾಗ ತಾರಸಿಯ ಟ್ಯಾಂಕು ಮತ್ತು ಮೇಲಿನ ಮಹಡಿಯ ನಡುವೆ. ನೆಲಮಹಡಿಯನ್ನೂ ತೋಟದ ನಲ್ಲಿಯನ್ನೂ ಬೂಸ್ಟರ್ ಲೈನಿಗೆ ಸೇರಿಸುವುದು ದಂಡ. ಗುರುತ್ವಾಕರ್ಷಣೆಯಿಂದ ಪುಕ್ಕಟೆ ಬರುವ ನೀರಿಗೆ ಕರೆಂಟು ಸುಡುವುದಲ್ಲದೆ, ಪಂಪು ಅನಾವಶ್ಯಕವಾಗಿ ನೂರಾರು ಬಾರಿ ಏಳುತ್ತದೆ. ಹೊಸ ಮನೆ ಕಟ್ಟಿಸುವಾಗಲೇ ಎರಡು ಲೈನ್ ಬೇರೆ ಬೇರೆ ಎಳೆಸುವುದು ಜಾಣತನ. ಮನೆ ಒಂದೇ ಮಹಡಿಯದಾಗಿದ್ದರೆ ಟ್ಯಾಂಕಿನ ಕಟ್ಟೆಯನ್ನು ಎರಡು ಮೀಟರ್ ಎತ್ತರಿಸಿ, ಇಳಿಯುವ ಪೈಪನ್ನು ದಪ್ಪ ಮಾಡಿಸಿದರೆ ಪಂಪಿನ ಅಗತ್ಯವೇ ಬಾರದಿರಬಹುದು.

ಕೆಲಸ ಮಾಡುವ ಬಗೆ

ನೀರನ್ನು ಅದುಮಲು ಆಗುವುದಿಲ್ಲ, ಗಾಳಿಯನ್ನು ಅದುಮಬಹುದು. ಉಷ್ಣತೆ ಬದಲಾಗದಿದ್ದರೆ ಗಾಳಿಯ ಒತ್ತಡ ಮತ್ತು ಗಾತ್ರದ ಗುಣಲಬ್ಧ ಬದಲಾಗದು ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಈ ಟ್ಯಾಂಕಿನ ಇಡೀ ಲೆಕ್ಕ. ಪಂಪು ನೀರನ್ನು ರಬ್ಬರ್ ಚೀಲದೊಳಕ್ಕೆ ತಳ್ಳಿದಂತೆ ಹೊರಗಿನ ಗಾಳಿ ಕುಗ್ಗಿ ಬಿಗಿಯಾಗುತ್ತದೆ. ನಿಗದಿತ ಒತ್ತಡ ತಲುಪಿದಾಗ ಪ್ರೆಶರ್ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ. ನಲ್ಲಿ ತೆರೆದರೆ ಕುಗ್ಗಿದ ಗಾಳಿ ನೀರನ್ನು ಹೊರದಬ್ಬುತ್ತದೆ. ಒತ್ತಡ ಕೆಳಗಿನ ಗುರುತಿಗೆ ಇಳಿದಾಗ ಪಂಪು ಮತ್ತೆ ಏಳುತ್ತದೆ.

ಮನೆಬಳಕೆಯ ಸ್ವಿಚ್ಚುಗಳಲ್ಲಿ ಪದೇ ಪದೇ ಕಾಣುವ ಹೊಂದಿಕೆ 1.4 ಬಾರ್‌ಗೆ ಚಾಲೂ, 2.8 ಬಾರ್‌ಗೆ ಬಂದ್. ಇದಕ್ಕೆ ಜೊತೆಯಾಗಿ ಬರುವುದು ಹೆಚ್ಚಾಗಿ 24 ಲೀಟರಿನ ಟ್ಯಾಂಕು. ಇಪ್ಪತ್ತನಾಲ್ಕು ಲೀಟರಿನ ಟ್ಯಾಂಕು ಇಪ್ಪತ್ತನಾಲ್ಕು ಲೀಟರ್ ಕೊಡುತ್ತದೆ ಎಂದುಕೊಂಡರೆ ಮೋಸಹೋದಂತೆ. ದಾವಣಗೆರೆಯ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.94 ಬಾರ್, ಅದನ್ನು ಕೂಡಿಸಿ ಲೆಕ್ಕ ಹಾಕಿದರೆ, ಖಾಲಿ ಟ್ಯಾಂಕಿನಲ್ಲಿ 1.25 ಬಾರ್ ಗಾಳಿ ಇದ್ದಾಗ ಪಂಪು ನಿಂತ ಕ್ಷಣದಿಂದ ಮತ್ತೆ ಏಳುವ ಕ್ಷಣದವರೆಗೆ ಸಿಗುವ ನೀರು ಎಂಟೂವರೆ ಲೀಟರಿಗಿಂತ ತುಸು ಕಡಿಮೆ. ಗಾಳಿ 0.4 ಬಾರ್‌ಗೆ ಇಳಿದಿದ್ದರೆ ಅದು ಐದು ಲೀಟರಿಗೆ ಕುಸಿಯುತ್ತದೆ. ಚೀಲವೇ ಹರಿದು ಗಾಳಿ ಪೂರ್ತಿ ಹೋಗಿದ್ದರೆ ಟ್ಯಾಂಕು ಬರೀ ನೀರಿನ ಡಬ್ಬಿ. ಒಂದು ಲೋಟ ನೀರು ಹಿಡಿದರೂ ಪಂಪು ಏಳುತ್ತದೆ.

ನಿಮಿಷಕ್ಕೆ 30 ಲೀಟರ್ ಕೊಡುವ ಪಂಪು, ನಿಮಿಷಕ್ಕೆ 10 ಲೀಟರ್ ಎಳೆಯುವ ಶವರ್ ಇದ್ದರೆ, ಸುಸ್ಥಿತಿಯ 24 ಲೀಟರ್ ಟ್ಯಾಂಕಿನಲ್ಲೇ ಪಂಪು ಗಂಟೆಗೆ 48 ಬಾರಿ ಎದ್ದು ಕೂರುತ್ತದೆ. ಅದೇ ಜಾಗದಲ್ಲಿ 100 ಲೀಟರಿನ ಟ್ಯಾಂಕ್ ಇಟ್ಟರೆ ಈ ಸಂಖ್ಯೆ 11ಕ್ಕೆ ಇಳಿಯುತ್ತದೆ. ಪ್ರತಿ ಸಲ ಏಳುವಾಗ ಮೋಟರು ತನ್ನ ಪೂರ್ಣಹೊರೆಯ ಕರೆಂಟಿನ ಐದಾರು ಪಟ್ಟು ಎಳೆದುಕೊಳ್ಳುತ್ತದೆ. ವೈಂಡಿಂಗ್ ಬಿಸಿಯಾಗುತ್ತದೆ, ಕೆಪಾಸಿಟರ್ ದಣಿಯುತ್ತದೆ, ಸ್ವಿಚ್ಚಿನ ಕಾಂಟ್ಯಾಕ್ಟುಗಳಲ್ಲಿ ಕಿಡಿ ಹಾರಿ ಕರಿ ಕಟ್ಟುತ್ತದೆ. ಗಾಳಿ ಇಳಿದ ಟ್ಯಾಂಕು ಮೋಟರನ್ನು ಕೊಲ್ಲುವುದು ಹೀಗೆ.

ಹಳೆಯ ಮಾದರಿಯಲ್ಲಿ ರಬ್ಬರ್ ಚೀಲವೇ ಇರಲಿಲ್ಲ. ಕಲಾಯಿ ಹಾಕಿದ ಉಕ್ಕಿನ ಡ್ರಮ್ಮಿನಲ್ಲಿ ನೀರಿನ ಮೇಲೆ ನೇರವಾಗಿ ಗಾಳಿ ಕೂತಿರುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಅನಿಲ ನೀರಿನಲ್ಲಿ ಹೆಚ್ಚು ಕರಗುತ್ತದೆ (1803ರಲ್ಲಿ ವಿಲಿಯಂ ಹೆನ್ರಿ ಕಂಡುಕೊಂಡ ನಿಯಮ), ಹಾಗಾಗಿ ಗಾಳಿ ದಿನೇ ದಿನೇ ನೀರಿನ ಪಾಲಾಗಿ ಡ್ರಮ್ಮು ತುಂಬಿಹೋಗುತ್ತಿತ್ತು. ಅದನ್ನು ತಪ್ಪಿಸಲೆಂದೇ ಗಾಳಿಗೂ ನೀರಿಗೂ ನಡುವೆ ರಬ್ಬರಿನ ತಡೆ ಬಂತು. ಈ ತಡೆ ಎರಡು ಬಗೆ: ಅಂಚಿಗೆ ಕಚ್ಚಿಸಿದ ಡಯಾಫ್ರಮ್, ಕಳಚಿ ಬದಲಿಸಬಹುದಾದ ಬ್ಲಾಡರ್. ಡಯಾಫ್ರಮ್ ಹರಿದರೆ ಟ್ಯಾಂಕೇ ಹೋಯಿತು. ಬ್ಲಾಡರ್ ಮಾದರಿಯನ್ನು ಬಿಚ್ಚಿ ರಿಪೇರಿ ಮಾಡಬಹುದು. ನಮ್ಮ ಅಂಗಡಿಗಳ 24 ಲೀಟರ್ ಟ್ಯಾಂಕುಗಳು ಬಹುಮಟ್ಟಿಗೆ ಇದೇ ಜಾತಿಯವು.

ಗಾಳಿ ನೋಡುವುದು

ಆರು ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸ ಇದೊಂದೇ. ಹದಿನೈದು ನಿಮಿಷ ಸಾಕು. ಆದರೂ ಟ್ಯಾಂಕು ಕೂರಿಸಿದ ದಿನದಿಂದ ಕೆಡುವ ದಿನದವರೆಗೆ ಒಮ್ಮೆಯೂ ಗಾಳಿ ನೋಡದ ಮನೆಗಳೇ ಹೆಚ್ಚು.

ಮೊದಲು ಪಂಪಿನ ಎಂಸಿಬಿ ಇಳಿಸಬೇಕು. ಬರೀ ಗೋಡೆ ಸ್ವಿಚ್ ಆರಿಸಿದರೆ ಸಾಲದು. ತಾರಸಿ ಟ್ಯಾಂಕಿನಿಂದ ಪಂಪಿಗೆ ಬರುವ ಗೇಟ್ ವಾಲ್ವ್ ಮುಚ್ಚಿ, ಮನೆಯೊಳಗಿನ ಒಂದು ನಲ್ಲಿಯನ್ನು ಪೂರ್ತಿ ತೆರೆದು, ನೀರು ನಿಲ್ಲುವವರೆಗೆ ಬಿಡಬೇಕು. ಟ್ಯಾಂಕಿನಲ್ಲಿ ನೀರು ಇರುವಾಗ ಗಾಳಿ ವಾಲ್ವಿಗೆ ಗೇಜು ಹಿಡಿದು ಅಳೆದರೆ ಅದು ತೋರಿಸುವುದು ನೀರಿನ ಒತ್ತಡವನ್ನೇ. ಇಲ್ಲಿ ಎಡವುವವರೇ ಬಹಳ: ಪಂಪು ನಿಂತಿರುವಾಗ ಅಳೆದು, ‘2.8 ಬಾರ್ ಗಾಳಿ ಇದೆ, ಟ್ಯಾಂಕು ಗಟ್ಟಿಮುಟ್ಟಾಗಿದೆ’ ಎಂದು ಹೇಳಿ ಹೊರಟುಬಿಡುತ್ತಾರೆ.

ಖಾಲಿಯಾದ ಮೇಲೆ ವಾಲ್ವಿನ ಪ್ಲಾಸ್ಟಿಕ್ ಟೋಪಿ ತೆಗೆದು ನಡುವಿನ ಪಿನ್ನನ್ನು ಉಗುರಿನಿಂದಲೋ ಕೀಲಿಯ ತುದಿಯಿಂದಲೋ ಒಂದು ಕ್ಷಣ ಒತ್ತಿ ನೋಡಬೇಕು. ಒಣ ಗಾಳಿ ಬುಸ್ಸೆಂದು ಬಂದರೆ ಚೀಲ ಸರಿಯಿದೆ. ನೀರು ಚಿಮ್ಮಿದರೆ ಚೀಲ ಹರಿದಿದೆ. ಎಷ್ಟು ಗಾಳಿ ಹೊಡೆದರೂ ಪ್ರಯೋಜನವಿಲ್ಲ. ಗಾಳಿಯೊಂದಿಗೆ ತುಕ್ಕಿನ ಬಣ್ಣದ ತೇವ ಬಂದರೆ ಸಣ್ಣ ತೂತು ಬಿದ್ದು ನೀರು ಕವಚಕ್ಕೆ ತಾಗುತ್ತಿದೆ ಎಂದರ್ಥ. ಏನೂ ಬರದಿದ್ದರೆ ಗಾಳಿ ಪೂರ್ತಿ ಇಳಿದಿದೆ: ವಾಲ್ವಿನ ಪಿನ್ ಸೋರಿರಬಹುದು, ಅಥವಾ ರಬ್ಬರಿನ ಸೂಕ್ಷ್ಮ ರಂಧ್ರಗಳ ಮೂಲಕ ತಿಂಗಳುಗಟ್ಟಲೆ ನಿಧಾನಕ್ಕೆ ಹೊರಟುಹೋಗಿರಬಹುದು. ಎರಡನೆಯದು ಸಹಜ. ಪಿನ್ ಸೋರುತ್ತಿದೆಯೋ ಎಂದು ತಿಳಿಯಲು ಅದರ ಮೇಲೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ವಾಲ್ವ್ ಪಿನ್ನೇ ಇದಕ್ಕೂ ಹೊಂದುತ್ತದೆ.

ಇಡಬೇಕಾದ ಗಾಳಿ ಪಂಪು ಏಳುವ ಒತ್ತಡಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ. 1.4ಕ್ಕೆ ಏಳುವ ಪಂಪಿಗೆ 1.25 ಬಾರ್, ಪಂಕ್ಚರ್ ಅಂಗಡಿಯ ಭಾಷೆಯಲ್ಲಿ 18 ಪೌಂಡ್. ಹಲವು ಹೊಸ ಟ್ಯಾಂಕುಗಳು ಕಾರ್ಖಾನೆಯಿಂದ 1.5 ಬಾರ್ ತುಂಬಿಕೊಂಡು ಬರುತ್ತವೆ. ಅದನ್ನು ಹಾಗೇ 1.4ರ ಸ್ವಿಚ್ಚಿಗೆ ಜೋಡಿಸಿದರೆ ಪಂಪು ಏಳುವ ಮೊದಲೇ ಚೀಲ ಬರಿದಾಗಿ, ಶವರಿನ ನೀರು ಒಂದು ಕ್ಷಣ ಸತ್ತು ಮತ್ತೆ ರಭಸದಿಂದ ಬರುತ್ತದೆ. ಖಾಲಿ ಚೀಲ ಪ್ರತಿ ಸಲ ಬಾಯಿಯ ತಟ್ಟೆಗೆ ಬಡಿದು ಅಲ್ಲೇ ಸವೆಯುತ್ತದೆ. ಗಾಳಿ ತುಂಬಲು ಸೈಕಲ್ ಪಂಪು ಸಾಕು. ಸ್ವಿಚ್ಚಿನ ಗುರುತು ತಿಳಿಯದಿದ್ದರೆ, ಮೊದಲೇ ಒಂದು ನಲ್ಲಿಯನ್ನು ಸಣ್ಣಗೆ ಬಿಟ್ಟು ಪಂಪಿನ ಲೈನಿನ ಗೇಜಿನ ಮುಳ್ಳು ಯಾವ ಅಂಕಿಯಲ್ಲಿರುವಾಗ ಪಂಪು ಏಳುತ್ತದೆ ಎಂದು ನೋಡಿಕೊಳ್ಳಬಹುದು.

ಅಳೆಯುವ ಹೊತ್ತೂ ಮುಖ್ಯ. ಏಪ್ರಿಲ್‌ನಲ್ಲಿ ದಾವಣಗೆರೆಯ ತಾರಸಿಯ ಮೇಲೆ ಬಿಸಿಲಿಗೆ ಬಿದ್ದ ಉಕ್ಕಿನ ಟ್ಯಾಂಕಿನೊಳಗೆ ಗಾಳಿ 45 ಡಿಗ್ರಿ ದಾಟುವುದು ಸುಲಭ. 20 ಡಿಗ್ರಿಯ ತಂಪಿನಲ್ಲಿ 1.25 ಬಾರ್ ಇದ್ದದ್ದು 45 ಡಿಗ್ರಿಯಲ್ಲಿ 1.44 ಆಗುತ್ತದೆ. ಮಧ್ಯಾಹ್ನ ಅಳೆದು ‘ಗಾಳಿ ಹೆಚ್ಚಾಯಿತು’ ಎಂದು ಬಿಟ್ಟರೆ ಬೆಳಗಿನ ಜಾವದ ಸ್ನಾನಕ್ಕೆ ಕಡಿಮೆ ಬೀಳುತ್ತದೆ. ಸೂರ್ಯ ಏರುವ ಮುನ್ನ ಅಳೆಯುವುದು ಒಳಿತು. ಟ್ಯಾಂಕಿನ ಮೇಲೊಂದು ಶೀಟಿನ ನೆರಳು ಮಾಡಿಸುವುದು ಇನ್ನೂ ಒಳಿತು. ಬಿಸಿಲು ರಬ್ಬರನ್ನೂ ಪ್ಲಾಸ್ಟಿಕ್ ಜೋಡಣೆಗಳನ್ನೂ ಬೇಗ ಮುದಿ ಮಾಡುತ್ತದೆ.

ಕೆಟ್ಟದ್ದು ಯಾವುದು

ಮಧ್ಯರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಪಂಪು ಏಳುತ್ತದೆ ಎಂಬುದು ಸಾಮಾನ್ಯ ದೂರು. ಇದಕ್ಕೆ ಟ್ಯಾಂಕನ್ನು ದೂರುವ ಮುನ್ನ ಒಂದು ಪರೀಕ್ಷೆ ಇದೆ. ಪಂಪು ನಿಂತ ಮೇಲೆ ಎಂಸಿಬಿ ಇಳಿಸಿ, ಟ್ಯಾಂಕಿನಿಂದ ಮನೆಯೊಳಗೆ ಹೋಗುವ ವಾಲ್ವನ್ನು ಮುಚ್ಚಿ, ಗೇಜು ನೋಡುತ್ತ ನಿಲ್ಲಬೇಕು. ಮುಳ್ಳು ಕದಲದಿದ್ದರೆ ಸೋರಿಕೆ ಮನೆಯೊಳಗಿದೆ. ಹೆಚ್ಚಾಗಿ ಕಮೋಡಿನ ಫ್ಲಶ್ ಟ್ಯಾಂಕಿನಲ್ಲಿ. ಮುಳ್ಳು ಇಳಿದರೆ ನೀರು ಪಂಪಿನ ಮೂಲಕ ಹಿಂದಕ್ಕೆ ಹೋಗುತ್ತಿದೆ: ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಕಚ್ಚುತ್ತಿಲ್ಲ. ಬೋರಿನ ಮರಳಿನ ಒಂದು ಕಾಳು ಅದರ ತಟ್ಟೆಯಡಿ ಸಿಕ್ಕಿಕೊಂಡರೂ ಹೀಗಾಗುತ್ತದೆ. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ನಲ್ಲಿ ತೆರೆದಾಗ ಪಂಪು ಟಕ್ ಟಕ್ ಎಂದು ಕೆಲವೇ ಸೆಕೆಂಡಿಗೆ ಆನ್–ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಗಾಳಿಯ ಮೇಲೆ. ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಾಳಿಯಿರುವ ಭಾಗ ಟೊಳ್ಳು ಸದ್ದು ಕೊಡುತ್ತದೆ, ನೀರಿರುವ ಭಾಗ ಮಂಕು ಸದ್ದು. ಎಲ್ಲ ಕಡೆ ಮಂಕಾಗಿದ್ದರೆ ನೀರೇ ತುಂಬಿದೆ.

ಗಾಳಿ ಸರಿಯಿದ್ದೂ ಪಂಪು ಹುಚ್ಚುಹುಚ್ಚಾಗಿ ವರ್ತಿಸಿದರೆ ಕಣ್ಣು ಹೋಗಬೇಕಾದದ್ದು ಸ್ವಿಚ್ಚಿನ ಅಡಿಯ ಕಾಲು ಇಂಚಿನ ನಿಪ್ಪಲಿನ ಕಡೆಗೆ. ಸವಳು ನೀರಿನ ಊರಿನಲ್ಲಿ ಇದು ಬಹಳ ಮುಖ್ಯ. ಪಂಪಿನ ಬಾಯಿ, ಟ್ಯಾಂಕು, ಗೇಜು, ಸ್ವಿಚ್ಚು, ಮನೆಯ ಪೈಪು ಇಷ್ಟನ್ನೂ ಕೂಡಿಸುವ ಐದು ದಾರಿಯ ಹಿತ್ತಾಳೆ ಜೋಡಣೆಯಿಂದ ಸ್ವಿಚ್ಚನ್ನು ಕಳಚಿ, ಆ ನಿಪ್ಪಲನ್ನು ಬೆಳಕಿಗೆ ಹಿಡಿದರೆ ಒಳಗೆ ಬೂದುಬಿಳಿ ಸುಣ್ಣ ಕಲ್ಲಿನಂತೆ ಕಟ್ಟಿಕೊಂಡು, ನಡುವೆ ಸೂಜಿ ತೂರುವಷ್ಟೇ ಕಂಡಿ ಉಳಿದಿರುವುದು ಕಾಣುತ್ತದೆ. ಒತ್ತಡದ ಸುದ್ದಿ ಸ್ವಿಚ್ಚಿಗೆ ತಡವಾಗಿ ಮುಟ್ಟುತ್ತದೆ, ಪಂಪು 2.8ಕ್ಕೆ ನಿಲ್ಲದೆ ಮೇಲಕ್ಕೆ ಹೋಗುತ್ತದೆ, 1.4ಕ್ಕೆ ಏಳದೆ ಕಾಯುತ್ತದೆ. ಕಬ್ಬಿಣದ ತಂತಿಯಿಂದ ಕೆರೆದು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಸುಣ್ಣ ಬಿಡುತ್ತದೆ. ಹೊಸ ನಿಪ್ಪಲಿಗೆ ತಗಲುವುದು ಪುಡಿಗಾಸು. ಗೇಜಿನ ಮುಳ್ಳು ಒಂದೇ ಅಂಕಿಯಲ್ಲಿ ಹೂತು ನಿಂತಿದ್ದರೆ ಅದರ ಬಾಯಿಯೂ ಹೀಗೇ ಕಟ್ಟಿರುತ್ತದೆ.

ಸ್ವಿಚ್ಚಿನ ಮುಚ್ಚಳದೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ಸಿಕ್ಕಿ ಸಾಯುವುದು ನಮ್ಮ ಕಡೆ ಅಪರೂಪವಲ್ಲ. ವೈರು ಒಳಬರುವ ತೂತಿಗೆ ರಬ್ಬರಿನ ಬಿರಡೆ ಇಟ್ಟಿದ್ದರೆ ಈ ಕಾಟವಿಲ್ಲ. ಮುಚ್ಚಳ ತೆಗೆಯುವಾಗ ಕರೆಂಟು ಇಲ್ಲವೆಂದು ಟೆಸ್ಟರಿನಿಂದ ಖಾತ್ರಿ ಮಾಡಿಕೊಳ್ಳಬೇಕು. ಒದ್ದೆ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸಕ್ಕೆ ಕೈಹಾಕಲೇಬಾರದು. ಅರ್ಥಿಂಗ್ ಇಲ್ಲದ ಪಂಪಿನ ಕವಚಕ್ಕೆ ಶಾಕ್ ಬರುತ್ತಿದ್ದರೆ, ಟ್ಯಾಂಕೂ ಉಕ್ಕಿನದೇ, ಅದಕ್ಕೂ ಬರುತ್ತದೆ.

ಬ್ಲಾಡರ್ ಬದಲಿಸುವುದು

ಹರಿದ ಚೀಲಕ್ಕೆ ಪ್ಯಾಚ್ ಹಾಕುವುದಿಲ್ಲ. ಬದಲಿಸುವ ಮುನ್ನ ಟ್ಯಾಂಕಿನ ನೀರು ಮಾತ್ರವಲ್ಲ, ಗಾಳಿಯನ್ನೂ ಪೂರ್ತಿ ಬಿಡಬೇಕು: ವಾಲ್ವಿನ ಪಿನ್ನನ್ನೇ ತಿರುಗಿಸಿ ಹೊರತೆಗೆದು, ಬುಸುಗುಟ್ಟುವುದು ನಿಂತ ಮೇಲೂ ತುಸು ಕಾಯಬೇಕು. ಗಾಳಿ ಇರುವಾಗಲೇ ಬಾಯಿಯ ಬೋಲ್ಟು ಬಿಚ್ಚಿದರೆ ಆ ತಟ್ಟೆ ಮುಖಕ್ಕೆ ಹಾರುತ್ತದೆ. ಅನುಭವಿ ಪ್ಲಂಬರುಗಳು ಬಾಯಿಯನ್ನು ಎಂದೂ ತಮ್ಮ ಕಡೆಗೆ ತಿರುಗಿಸಿಕೊಂಡು ಬಿಚ್ಚುವುದಿಲ್ಲ.

ಪೈಪಿನ ಯೂನಿಯನ್ ಜೋಡಣೆ ಸಡಿಲಿಸಿ ಟ್ಯಾಂಕನ್ನು ಹೊರತಂದು, ಬಾಯಿಯ ಸುತ್ತಲಿನ ಬೋಲ್ಟುಗಳನ್ನು ತೆಗೆದರೆ ತಟ್ಟೆ ಕಳಚುತ್ತದೆ. ಅದರ ಹಿಂದೆ ಚೀಲದ ತುಟಿ. ಅದನ್ನು ಹಿಡಿದು ನಿಧಾನಕ್ಕೆ ಎಳೆದರೆ ಹಳೆಯ ಚೀಲ ಜಾರಿ ಬರುತ್ತದೆ. ಒಳಗೆ ಸುಣ್ಣದ ಚೂರು, ಮರಳು, ಕೆಲವೊಮ್ಮೆ ಕೆಂಪು ಲೋಳೆ. ಆಗ ಕವಚದ ಒಳಗನ್ನು ಟಾರ್ಚು ಹಾಕಿ ನೋಡಲೇಬೇಕು. ಮೇಲ್ಮೈಯಲ್ಲಿ ತೆಳು ತುಕ್ಕಿದ್ದರೆ ಉಜ್ಜಿ ಒಣಗಿಸಿ ಮುಂದುವರಿಯಬಹುದು. ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ, ಬೆಸುಗೆಯ ಗೆರೆಯ ಬಳಿ ಗುಂಡಿ ಬಿದ್ದಿದ್ದರೆ, ಅಲ್ಲಿಗೆ ಆ ಕವಚದ ಆಯುಸ್ಸು ಮುಗಿಯಿತು. ಹೊಸ ಚೀಲ ಹಾಕುವುದು ವ್ಯರ್ಥ, ಅಪಾಯ ಕೂಡ. ಮೈಸೂರು ಕಿರ್ಲೋಸ್ಕರ್ 1941ರಿಂದ ದಶಕಗಳ ಕಾಲ ಲೇತ್ ಯಂತ್ರಗಳನ್ನು ಮಾಡಿದ ಹರಿಹರದಲ್ಲಿ ಬಾಯಿಯ ತಟ್ಟೆಯನ್ನು ಹೊಸದಾಗಿ ಲೇತ್‌ನಲ್ಲಿ ಕಡೆದುಕೊಡುವ ಕೈಗೆ ಬರವಿಲ್ಲ. ತಟ್ಟೆಗೆ ಆ ರಿಪೇರಿ ಸರಿ. ತುಕ್ಕು ತಿಂದ ಕವಚಕ್ಕೆ ವೆಲ್ಡಿಂಗ್ ಬಿಲ್ಲೆ ಅಂಟಿಸುವುದು ಮಾತ್ರ ಕೂಡದು. ಒತ್ತಡದ ಪಾತ್ರೆ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ.

ಹೊಸ ಚೀಲ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯುವುದೇ ಸರಿ. ಲೀಟರ್ ಒಂದೇ ಇದ್ದರೂ ತುಟಿಯ ಅಳತೆ ಬೇರೆ ಇರುತ್ತದೆ. ಬ್ಯೂಟೈಲ್ ಅಥವಾ ಇಪಿಡಿಎಂ ರಬ್ಬರಿನದು ಗಾಳಿಯನ್ನೂ ಗಡಸು ನೀರನ್ನೂ ತಾಳುತ್ತದೆ. ಚೀಲವನ್ನು ಉದ್ದಕ್ಕೆ ಮಡಚಿ ಒಳತೂರಿಸಿ, ತುಟಿಯನ್ನು ಅಂಚಿನ ಮೇಲೆ ಸುಕ್ಕಿಲ್ಲದಂತೆ ಕೂರಿಸಬೇಕು. ಎಣ್ಣೆ, ಗ್ರೀಸು ಹಚ್ಚಬಾರದು; ಜಾರಲು ಸೋಪಿನ ನೀರು ಸಾಕು. ಬೋಲ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಬಿಗಿಯಬೇಕು, ಇಲ್ಲವಾದರೆ ತುಟಿ ಒಂದು ಕಡೆ ಕತ್ತರಿಸಿಹೋಗುತ್ತದೆ. ಆಮೇಲೆ ಗಾಳಿ, ಕೊನೆಗೆ ನೀರು. ನೀರು ಮೊದಲು ಬಿಟ್ಟರೆ ಚೀಲ ಅಳತೆ ಮೀರಿ ಹಿಗ್ಗಿ ಕವಚಕ್ಕೆ ಉಜ್ಜುತ್ತದೆ. ಮೊದಲ ಒಂದೆರಡು ದಿನ ನೀರಿಗೆ ರಬ್ಬರಿನ ವಾಸನೆ ಇರಬಹುದು, ಹರಿಯಬಿಟ್ಟರೆ ಹೋಗುತ್ತದೆ.

ಹೊಸ ಟ್ಯಾಂಕು

ಪಂಪಿನ ಜೊತೆ ಬಂದ ಟ್ಯಾಂಕಿನ ಅಳತೆಯನ್ನೇ ಮತ್ತೆ ಕೊಳ್ಳಬೇಕೆಂದಿಲ್ಲ. ಪಂಪು ಒಮ್ಮೆ ಎದ್ದರೆ ಕನಿಷ್ಠ ಒಂದು ನಿಮಿಷ ಓಡಬೇಕು ಎಂಬುದು ಒಳ್ಳೆಯ ಅಳತೆಗೋಲು. ನಿಮಿಷಕ್ಕೆ 30 ಲೀಟರಿನ ಪಂಪಿಗೆ 30 ಲೀಟರ್ ಬಿಟ್ಟುಕೊಡುವ ಟ್ಯಾಂಕು ಬೇಕು. ಮೇಲಿನ ಲೆಕ್ಕದಂತೆ ಅದು 90ರಿಂದ 100 ಲೀಟರಿನದು. ಬಾಡಿಗೆಗೆ ಕೊಟ್ಟ ಎರಡು ಮೂರು ಮನೆಗಳಿಗೆ ಒಂದೇ ಬೂಸ್ಟರ್ ಇರುವ ಕಟ್ಟಡಗಳಲ್ಲಿ ಈ ದೊಡ್ಡ ಟ್ಯಾಂಕಿಗೆ ಹಾಕುವ ದುಡ್ಡು ಮೋಟರಿನ ಬಾಳಿಕೆಯಲ್ಲಿ ವಾಪಸು ಬರುತ್ತದೆ. ಒಂದೇ ಬಚ್ಚಲಿಗೆ 24 ಸಾಕು. ವೇಗ ಬದಲಿಸುವ ಇನ್ವರ್ಟರ್ ಪಂಪುಗಳಿಗೆ ಒಂದೆರಡು ಲೀಟರಿನ ಪುಟ್ಟ ಟ್ಯಾಂಕು ಸಾಕಾಗುತ್ತದೆ, ಆದರೆ ಅದರ ಗಾಳಿಯನ್ನೂ ನೋಡುತ್ತಿರಬೇಕು.

ಟ್ಯಾಂಕಿನ ಮೇಲಿನ ಫಲಕದಲ್ಲಿ ಗರಿಷ್ಠ ಒತ್ತಡ ಮತ್ತು ಉಷ್ಣತೆ ಬರೆದಿರುತ್ತದೆ. ಯುರೋಪಿನ ಇಎನ್ 13831 ಮಾನಕದ ಗುರುತಿದ್ದರೆ ಒಳ್ಳೆಯದು. ಫಲಕವೇ ಇಲ್ಲದ ಟ್ಯಾಂಕನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಜೋಡಣೆಗೆ ಮೆತ್ತನೆಯ ಹೆಣೆದ ಪೈಪು ಬಳಸಿದರೆ ಪಂಪಿನ ನಡುಕ ಸಿಪಿವಿಸಿ ಜೋಡಣೆಗಳಿಗೆ ತಾಗುವುದಿಲ್ಲ. ಟ್ಯಾಂಕಿನ ಬುಡಕ್ಕೇ ಒಂದು ವಾಲ್ವ್, ಒಂದು ಯೂನಿಯನ್, ನೀರು ಬಸಿಯಲು ಒಂದು ಸಣ್ಣ ನಲ್ಲಿ ಇಡಿಸಿದರೆ ಮುಂದಿನ ಪ್ರತಿ ಸರ್ವಿಸಿಗೂ ಅರ್ಧ ಗಂಟೆ ಉಳಿಯುತ್ತದೆ. ಕೂರಿಸುವವರು ಬೇಡವೆಂದರೂ ಒತ್ತಾಯಿಸಿ ಇಡಿಸಬೇಕಾದದ್ದು ಇದು. ಸಾಫ್ಟ್‌ನರ್ (ನೀರಿನ ಗಡಸು ತೆಗೆಯುವ ಸಾಧನ) ಇದ್ದರೆ ಅದು ಟ್ಯಾಂಕಿನ ನಂತರ ಬರಬೇಕು.

ಕಂಪ್ರೆಸರ್ ಬೋರಿನ ಟ್ಯಾಂಕು

ಇಳುವರಿ ತೀರ ಕಡಿಮೆಯಾದ ಬೋರುಗಳಿಗೆ ಸಬ್‌ಮರ್ಸಿಬಲ್ ಬದಲು ಏರ್ ಕಂಪ್ರೆಸರ್ ಕೂರಿಸುವುದು ಕರ್ನಾಟಕದ ಒಳನಾಡಿನಲ್ಲಿ ಹಳೆಯ ಪದ್ಧತಿ. ಗಾಳಿಯನ್ನು ಸಣ್ಣ ಪೈಪಿನಲ್ಲಿ ಬೋರಿನ ತಳಕ್ಕೆ ಕಳಿಸಿದರೆ ನೀರು–ಗಾಳಿಯ ಮಿಶ್ರಣ ಹಗುರಾಗಿ ತಂತಾನೇ ಮೇಲೆ ಬರುತ್ತದೆ. ಕೆಳಗೆ ಮೋಟರ್ ಇಲ್ಲ, ಮರಳಿಗೆ ಹೆದರಬೇಕಿಲ್ಲ. ಈ ಯಂತ್ರಕ್ಕೂ ಒಂದು ಒತ್ತಡದ ಟ್ಯಾಂಕು ಇರುತ್ತದೆ. ಅದರಲ್ಲಿರುವುದು ಬರೀ ಗಾಳಿ, ಅದೂ ಮನೆಯ ನೀರಿನ ಟ್ಯಾಂಕಿನ ಹಲವು ಪಟ್ಟು ಒತ್ತಡದಲ್ಲಿ. ಅದುಮಿದ ಗಾಳಿಯ ತೇವ ತಣಿದು ತಳದಲ್ಲಿ ನೀರಾಗಿ ನಿಲ್ಲುತ್ತದೆ, ಒಳಗಿನಿಂದಲೇ ಉಕ್ಕನ್ನು ತಿನ್ನುತ್ತದೆ. ತಳದ ಬಸಿ ನಲ್ಲಿಯನ್ನು ಬಳಸಿದ ದಿನವೇ ತೆರೆದು ಆ ನೀರನ್ನು ಹೊರಬಿಡಬೇಕು. ಸೇಫ್ಟಿ ವಾಲ್ವ್ ‘ಸುಮ್ಮನೆ ಗಾಳಿ ಬಿಡುತ್ತದೆ’ ಎಂದು ಅದಕ್ಕೆ ಬೋಲ್ಟು ಜಡಿದು ಮುಚ್ಚುವುದು ಪ್ರಾಣದೊಂದಿಗೆ ಆಡುವ ಆಟ: ನೀರು ತುಂಬಿದ ಪಾತ್ರೆ ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಸಿಡಿಯುತ್ತದೆ. ಕಂಪ್ರೆಸರಿನ ಆಯಿಲ್ ಗಾಳಿಯೊಂದಿಗೆ ನೀರಿಗೂ ಬರುವುದರಿಂದ ಈ ನೀರನ್ನು ನೇರ ಕುಡಿಯಲು ಬಳಸುವುದು ಸರಿಯಲ್ಲ.

ನಳದ ನೀರಿನೊಂದಿಗೆ

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಿಗೆ ದಿನದ 24 ಗಂಟೆಯೂ ಒತ್ತಡದಲ್ಲಿ ನಳದ ನೀರು ಕೊಡುವ ಗುರಿಯದು. ಒತ್ತಡದ ನೀರು ಸದಾ ಬರುವ ಬಡಾವಣೆಯಲ್ಲಿ ಬೂಸ್ಟರ್ ಪಂಪಿನ ಕೆಲಸ ಕಡಿಮೆಯಾಗುತ್ತದೆ. ಆದರೆ ಬೋರಿನ ಲೈನೂ ನಳದ ಲೈನೂ ಒಂದೇ ಮನೆಯೊಳಗೆ ಇರುವಷ್ಟು ಕಾಲ ಎರಡನ್ನೂ ಒಂದು ವಾಲ್ವಿನ ನಂಬಿಕೆಯ ಮೇಲೆ ಕೂಡಿಸಬಾರದು. ಪ್ರೆಶರ್ ಟ್ಯಾಂಕಿನ 2.8 ಬಾರ್ ನೀರು, ಆ ವಾಲ್ವು ಸರಿಯಾಗಿ ಮುಚ್ಚದ ದಿನ, ಬೀದಿಯ ಪೈಪಿನೊಳಕ್ಕೆ ಹಿಮ್ಮುಖವಾಗಿ ನುಗ್ಗಿ ಇಡೀ ಸಾಲಿನ ಮನೆಗಳಿಗೆ ಸವಳು ನೀರು ಕುಡಿಸುತ್ತದೆ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆಯುವುದು ಇದರ ತಿರುಗುಮುರುಗು: ಬೀದಿಯ ಪೈಪಿನಲ್ಲಿ ನಿರ್ವಾತ ಉಂಟಾಗಿ ಪಕ್ಕದ ಚರಂಡಿಯ ಕೊಳಕು ಸೀಳುಗಳಿಂದ ಒಳಸೇರುತ್ತದೆ. ನಳದ ನೀರು ಸಂಪಿಗೆ ಬಯಲಾಗಿ ಬೀಳಬೇಕು, ಪೈಪಿನ ತುದಿ ಸಂಪಿನ ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು. ಪಂಪು, ಟ್ಯಾಂಕು ಎಲ್ಲ ಅಲ್ಲಿಂದ ಮುಂದೆ.

ಬೀಗ ಹಾಕಿದ ಮನೆ, ಹಳೆಯ ಟ್ಯಾಂಕು

ಮಕ್ಕಳ ಊರಿಗೆ ಹೋಗಿ ತಿಂಗಳುಗಟ್ಟಲೆ ಬೀಗ ಹಾಕುವ ಮನೆಗಳಲ್ಲಿ ಚೀಲದ ನೀರು ನಿಂತಲ್ಲೇ ನಾರುತ್ತದೆ. ಹೊರಡುವ ಮುನ್ನ ಎಂಸಿಬಿ ಇಳಿಸಿ, ಟ್ಯಾಂಕಿನ ನೀರು ಬಸಿದು, ಗಾಳಿಯನ್ನು ಹಾಗೇ ಬಿಡಬೇಕು. ಮರಳಿ ಬಂದಾಗ ತಾರಸಿ ಟ್ಯಾಂಕು ತೊಳೆದ ಮೇಲೆ ಎರಡು ಮೂರು ಸಲ ತುಂಬಿಸಿ ಖಾಲಿ ಮಾಡಿ ಬಳಸಬೇಕು. ಬಹಳ ದಿನ ನಿಂತ ಮೋಟರಿನ ಶಾಫ್ಟು ಸುಣ್ಣಕ್ಕೆ ಕಚ್ಚಿಕೊಂಡಿರಬಹುದಾದ್ದರಿಂದ ಸ್ವಿಚ್ ಹಾಕುವ ಮೊದಲು ಫ್ಯಾನಿನ ಕಡೆಯಿಂದ ಸ್ಕ್ರೂಡ್ರೈವರಿನಲ್ಲಿ ಒಂದು ಸುತ್ತು ತಿರುಗಿಸಿ ನೋಡುವುದು ಕ್ಷೇಮ.

ಕೈಬಿಟ್ಟ ಟ್ಯಾಂಕು ಗುಜರಿಗೆ ಹೋಗುತ್ತದೆ. ಗುಜರಿ ಅಂಗಡಿಯಲ್ಲಿ ಅದನ್ನು ಗ್ಯಾಸ್ ಕಟರಿನಿಂದ ಸೀಳುತ್ತಾರೆ. ಒಳಗೆ ಗಾಳಿ ಉಳಿದಿದ್ದರೆ, ರಬ್ಬರ್ ಚೀಲ ಇದ್ದರೆ, ಸೀಳುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದ ಮನೆಯಿಂದ ಕಳಿಸುವ ಮೊದಲೇ ವಾಲ್ವಿನ ಪಿನ್ ತೆಗೆದು, ಬಾಯಿಯ ತಟ್ಟೆ ಬಿಚ್ಚಿ, ಚೀಲವನ್ನು ಹೊರಗೆಳೆದು, ತೆರೆದ ಬಾಯಿಯೊಂದಿಗೇ ಕೊಡಬೇಕು.